ಪಾರ್ಕಿನ ಹೂವಮ್ಮ ನೀರು ನಿಲ್ಲಿಸಿದ್ದು

ಶಿಕಾರಿಪುರದ ಕೆರೆಕೋಡಿ ಬಡಾವಣೆಯ ಪಾರ್ಕಿನಲ್ಲಿ ಒಂದು ಲಾನ್ ಇದೆ. ಅದನ್ನು ನೆಟ್ಟವಳು ಹೂವಮ್ಮ, ನೆಟ್ಟದ್ದು ಭತ್ತ ನಾಟಿ ಮಾಡಿದ ಹಾಗೆ. ಇಪ್ಪತ್ತೊಂದು ವರ್ಷದ ಹಿಂದೆ ಬಡಾವಣೆಯವರು ಶಿವಮೊಗ್ಗದಿಂದ ಹುಲ್ಲಿನ ಮೂಟೆಗಳನ್ನು ತರಿಸಿಬಿಟ್ಟು, ಇದನ್ನು ಹಚ್ಚುವುದು ಹೇಗೆಂದು ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಂತಿದ್ದರು. ಕಲ್ಲು ಆರಿಸಲು ಕೂಲಿಗೆ ಬಂದಿದ್ದ ಈ ಸೊರಬದ ಕಡೆಯ ಹೆಂಗಸು ಸೀರೆ ಎತ್ತಿ ಕಟ್ಟಿ, ಬೇರುಗಳನ್ನು ಬಿಡಿಸಿ ಭತ್ತದ ಅಗೆಯಂತೆ ಕಟ್ಟು ಮಾಡಿಕೊಂಡು, ಬಗ್ಗಿ ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ನಾಲ್ಕು ಬೆರಳಿಗೊಂದರಂತೆ ಊರಿಕೊಂಡು ಹೋದಳು. ಜೊತೆಯ ನಾಲ್ವರು ಹೆಂಗಸರೂ ಸಾಲಿಗೆ ಬಿದ್ದರು. ನಾಟಿ ಪದ ಒಂದು ಇರಲಿಲ್ಲ, ಅಷ್ಟೇ. ನೋಡಿದವರು ನಕ್ಕರು. ಎರಡು ತಿಂಗಳಿಗೆ ನೆಲ ಮುಚ್ಚಿ ಹಸಿರಾದಾಗ ನಕ್ಕವರೇ ಚಪ್ಪಲಿ ಬಿಟ್ಟು ಅದರ ಮೇಲೆ ಅಡ್ಡಾಡಿದರು. ಹೂವಮ್ಮನಿಗೆ ಅಲ್ಲೇ ಕೆಲಸವಾಯಿತು.

ಕೆಲಸವೆಂದರೆ ಪೈಪು ಹಿಡಿದು ನಿಲ್ಲುವುದು. ಮಳೆಗಾಲ ಬಿಟ್ಟರೆ ಬೆಳಿಗ್ಗೆ ಎರಡು ತಾಸು, ಸಂಜೆ ಎರಡು ತಾಸು. ಕುಪ್ಪಗಡ್ಡೆಯ ಅವಳ ತವರಿನವರು ಒಮ್ಮೆ ಬಂದು ನೋಡಿ, ಇದು ಯಾವ ಬೆಳೆ ಎಂದು ಕೇಳಿದ್ದರು. ಕಾಳು ಬಿಡುವುದಿಲ್ಲ, ದನಕ್ಕೆ ಹಾಕುವಂತಿಲ್ಲ, ಬೆಳೆದಂತೆಲ್ಲ ಕತ್ತರಿಸಿ ಎಸೆಯಬೇಕು, ಮತ್ತೆ ಬೆಳೆಯಲೆಂದು ನೀರು ಹಾಕಬೇಕು. ಹೂವಮ್ಮ ಉತ್ತರ ಹೇಳಲು ಹೋಗಿ ತಾನೇ ನಕ್ಕುಬಿಟ್ಟಿದ್ದಳು. ಆದರೂ ಆ ಹುಲ್ಲಿನ ಮೇಲೆ ಅವಳಿಗೆ ಪ್ರೀತಿ ಇರಲಿಲ್ಲವೆಂದರೆ ಸುಳ್ಳಾಗುತ್ತದೆ. ನಡುವೆ ಜೇಕಿನ ಕಳೆ ಕಂಡರೆ ಊಟ ಬಿಟ್ಟು ಎದ್ದು ಹೋಗಿ ಕೀಳುತ್ತಿದ್ದಳು.

ಅವಳ ಗಂಡ ಮಾರಪ್ಪ ಮಾರ್ಕೆಟ್ ಯಾರ್ಡಿನಲ್ಲಿ ಮೂಟೆ ಹೊತ್ತವನು. ಬೆನ್ನು ಹೋದ ಮೇಲೆ ಪಾರ್ಕಿನ ಗೇಟಿನ ಪಕ್ಕದ ಕಲ್ಲುಬೆಂಚಿನಲ್ಲಿ ಕೂತು ಬರುವವರಿಗೆ ಹೋಗುವವರಿಗೆ ಒಂದೊಂದು ಮಾತು ಸಿಕ್ಕಿಸುವುದೇ ಅವನ ಕಸುಬು. ಇಬ್ಬರ ವಾಸ ಪಾರ್ಕಿನ ಬೇಲಿಗೆ ತಾಗಿದ ಜನತಾ ಮನೆಗಳ ಸಾಲಿನಲ್ಲಿ. ಮಗಳು ಧನಲಕ್ಷ್ಮಿಯನ್ನು ಆನವಟ್ಟಿಯ ಕಡೆ ಕೊಟ್ಟಾಗಿದೆ, ಅವಳು ಚೆನ್ನಾಗಿದ್ದಾಳೆ, ಆ ಚಿಂತೆಯಿಲ್ಲ.

ಚಿಂತೆ ಬೇರೆಯದು. ಎರಡು ವರ್ಷದಿಂದ ಹೂವಮ್ಮನ ಎಡ ಸೊಂಟ ಹಿಡಿದುಕೊಂಡಿದೆ. ಅರ್ಧ ತಾಸು ನಿಂತರೆ ಕಾಲು ಮರಗಟ್ಟುತ್ತದೆ. ಬರುವ ಮಳೆಗಾಲಕ್ಕೆ ಬಿಟ್ಟುಬಿಡುತ್ತೇನೆಂದು ಅವಳೇ ಹೇಳಿಯಾಗಿತ್ತು. ಬಿಟ್ಟ ಮೇಲೆ ಏನಾಗುತ್ತದೆಂದೂ ಅವಳಿಗೆ ಗೊತ್ತಿತ್ತು. ದಿನಕ್ಕೆ ನಾಲ್ಕು ತಾಸು ನಿಲ್ಲುವವರು ಈಗ ಯಾರೂ ಸಿಗುವುದಿಲ್ಲ. ಮೊದಲ ಬೇಸಿಗೆಯಲ್ಲೇ ಲಾನ್ ಒಣಗುತ್ತದೆ. ಇಪ್ಪತ್ತೊಂದು ವರ್ಷ ದುಡಿದದ್ದರ ಆಯುಸ್ಸು ಹದಿನೈದು ದಿನ. ಹೀಗೆಂದು ನೆನೆದಾಗ ಅವಳಿಗೆ ಅಳು ಬರುತ್ತಿತ್ತು, ಅತ್ತೂ ಇದ್ದಳು.

ಅಂಥ ಹೊತ್ತಿಗೆ ಪಾರ್ಕು ಸಮಿತಿಯ ಅಧ್ಯಕ್ಷರಾದ ಆನಂದಪ್ಪನವರು ಒಂದು ಕಾಗದ ಹಿಡಿದುಕೊಂಡು ಬಂದರು. ಇವರು ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವರು. ಬಡಾವಣೆಯಲ್ಲಿ ಎಲ್ಲರೂ ಡಾಕ್ಟ್ರು ಎನ್ನುತ್ತಾರೆ, ಅವರೂ ತಿದ್ದುವ ಗೋಜಿಗೆ ಹೋಗಿಲ್ಲ. ಸರ್ಕಾರ ಹೊಸದೊಂದು ಯೋಜನೆ ತಂದಿತ್ತು. ಊರೊಳಗಿನ ಪಾರ್ಕುಗಳಲ್ಲಿ ನೀರು ಕುಡಿಯುವ ಲಾನ್ ಕಿತ್ತುಹಾಕಿ, ಕಡಿಮೆ ನೀರಿನಲ್ಲಿ ಬದುಕುವ ಗಿಡ ಹಾಕಿದರೆ, ಕಿತ್ತ ಲಾನಿನ ಅಳತೆಗೆ ತಕ್ಕಂತೆ ಅನುದಾನ. ಆನಂದಪ್ಪನವರು ಅದನ್ನೆಲ್ಲ ಓದಿ ಹೇಳಿ, ಕನ್ನಡಕ ತೆಗೆದು ಕೇಳಿದರು.

"ನೀರು ಕೇಳ್ದಂಗೆ ಬದುಕೋ ಗಿಡ ಯಾವ್ಯಾವು ಅದಾವೆ ಹೂವಮ್ಮ? ನಿಂಗೊತ್ತಿದ್ರೆ ಹೇಳು, ಬರ್ಕೋತೀನಿ."

ಇಪ್ಪತ್ತೊಂದು ವರ್ಷದಲ್ಲಿ ಅವಳನ್ನು ಯಾರೂ ಏನನ್ನೂ ಕೇಳಿರಲಿಲ್ಲ. ಹೇಳಿದ್ದರು, ಬೈದಿದ್ದರು, ಹಬ್ಬಕ್ಕೆ ಸೀರೆ ಕೊಟ್ಟಿದ್ದರು, ಕೇಳಿರಲಿಲ್ಲ. ಅವಳು ಕುಕ್ಕರುಗಾಲಿನಲ್ಲಿ ಕೂತು ಶುರುಮಾಡಿದಳು.

ಅವಳಿಗೆ ಗೊತ್ತಿದ್ದದ್ದು ಭೂಮಿ ಹುಣ್ಣಿಮೆಯಿಂದ. ಸೊರಬದ ಕಡೆ ಭತ್ತ ಹೊಡೆಗೆ ಬಂದಾಗ, ತೆನೆ ಇನ್ನೂ ಒಳಗಿರುವಾಗ, ಭೂಮ್ತಾಯಿ ಬಸುರಿ ಎಂದು ಬಯಕೆಯ ಊಟ ಹಾಕುತ್ತಾರಲ್ಲ, ಆ ಊಟಕ್ಕೆ ನೂರೊಂದು ಬಗೆಯ ಸೊಪ್ಪಿನ ಕುಡಿ ಕೂಡಿಸಿ ಬೇಯಿಸಬೇಕು. ಅದಕ್ಕೆ ಬೆರಕೆ ಸೊಪ್ಪು ಎನ್ನುತ್ತಾರೆ. ಬೆಳಕು ಹರಿಯುವ ಮೊದಲು ಅದನ್ನು ಗದ್ದೆಗೆಲ್ಲ ಚೆಲ್ಲಿ ಬರುವುದು. ಕುಡಿ ಆರಿಸುವ ಕೆಲಸ ಹುಡುಗಿಯರದು. ಮದುವೆಯಾಗಿ ಬರುವಷ್ಟರಲ್ಲಿ ಹೂವಮ್ಮ ಕುಪ್ಪಗಡ್ಡೆಯ ಸುತ್ತಿನ ಹುಲ್ಲುಬೇಣ, ಬದು, ಕೆರೆಯಂಚುಗಳ ಗಿಡವನ್ನೆಲ್ಲ ಹೆಸರು ಹಿಡಿದು ಮಾತನಾಡಿಸುವಷ್ಟು ಬಲ್ಲವಳಾಗಿದ್ದಳು. ಯಾವುದು ನೆರಳಿಗೆ ಬರುತ್ತದೆ, ಯಾವುದಕ್ಕೆ ಬಿಸಿಲೇ ಬೇಕು, ಯಾವುದು ಮೇ ತಿಂಗಳಲ್ಲಿ ಸತ್ತಂತೆ ನಟಿಸಿ ಮೊದಲ ಮಳೆಗೆ ಎದ್ದು ಕೂರುತ್ತದೆ, ಎಲ್ಲ. ತಂಗಡಿ, ಲಕ್ಕಿ, ಗೋರಟೆ, ಕೇಪಳ, ಲೋಳೆಸರ, ಬಿಳಿ ಎಕ್ಕ ಎಂದು ಅವಳು ಹೇಳುತ್ತಲೇ ಹೋದಳು. ಆನಂದಪ್ಪನವರ ಕಾಗದ ತುಂಬಿತು, ಕೊನೆಗೆ ಜೇಬಿನಲ್ಲಿದ್ದ ಮದುವೆ ಪತ್ರದ ಹಿಂಬದಿಯಲ್ಲಿ ಬರೆದುಕೊಂಡರು.

ಮರುವಾರವೇ ಅವಳು ಬಸ್ಸು ಹತ್ತಿ ತವರಿಗೆ ಹೋದಳು. ಅಣ್ಣನ ಮಗನ ಗಾಡಿಯ ಹಿಂದೆ ಕೂತು ಗುಡವಿಯ ಕೆರೆಯ ಆಚೆಯ ದಿಣ್ಣೆಯವರೆಗೂ ಅಲೆದು, ಗೋಣಿಚೀಲದಲ್ಲಿ ಕಡ್ಡಿ, ಬೀಜ, ಗೆಡ್ಡೆ ತುಂಬಿಕೊಂಡು ಬಂದಳು. ಬಡಾವಣೆಯ ಮನೆಮನೆಗೆ ಹೇಳಿ ಹಾಲಿನ ಪ್ಯಾಕೆಟ್ಟು ಕೂಡಿಸಿದಳು. ನಾನೂರು ಸಸಿಗಳು ಪಂಪಿನ ಮನೆಯ ಹಿಂದೆ ನೆರಳಿನಲ್ಲಿ ಸಾಲಾಗಿ ಕೂತವು. ಇನ್ನು ತಾನು ಬಿಟ್ಟು ಹೋದರೂ ಪಾರ್ಕು ಸಾಯುವುದಿಲ್ಲ. ಈ ಒಂದು ಮಾತು ಮನಸ್ಸಿಗೆ ಬಂದು ಕೂತ ಮೇಲೆ ಅವಳ ಸೊಂಟದ ನೋವೂ ಅರ್ಧ ಇಳಿದಂತಾಯಿತು.

"ನಾನು ಸತ್ರೂ ಇವು ಇರ್ತಾವೆ ನೋಡ್ರಿ," ಎಂದು ಗಂಡನನ್ನು ಕರೆದು ತೋರಿಸಿದಳು. ಮಾರಪ್ಪ ಒಂದು ಕಡ್ಡಿಯನ್ನು ಬೆರಳಿನಿಂದ ಮುಟ್ಟಿ, ನಿನ್ನ ಜೊತೆ ಏಗಿ ಉಳಿದದ್ದು ನಾನೊಬ್ಬನೇ ಅಂದುಕೊಂಡಿದ್ದೆ, ಈಗ ಜೊತೆಗಾರರು ಸಿಕ್ಕರು ಎಂದ. ಅವನಿಗೂ ಖುಷಿಯಾಗಿತ್ತು.

ಅಷ್ಟರಲ್ಲಿ ಆನಂದಪ್ಪನವರಿಗೆ ಕಣ್ಣಿನ ಪೊರೆಯ ಆಪರೇಷನ್ ಬಂತು. ದಾವಣಗೆರೆಯ ಮಗನ ಮನೆಗೆ ಹೊರಟವರು ಗೇಟಿನ ಹತ್ತಿರ ನಿಂತು ಹೇಳಿದ್ದಿಷ್ಟು. ಯುಗಾದಿ ಕಳೆದ ಮೇಲೆ ಶಿವಮೊಗ್ಗದಿಂದ ಬಂದು ಲಾನ್ ಅಳತೆ ಮಾಡುತ್ತಾರೆ, ಆಮೇಲೆ ಕಿತ್ತುಹಾಕುವುದು, ಅಲ್ಲಿಯವರೆಗೆ ನಿನ್ನ ಸಸಿ ನೋಡಿಕೋ. ಯೋಜನೆಯ ನಿಯಮದ ಪುಸ್ತಕ ಅವರ ಬೀರುವಿನಲ್ಲಿ ಉಳಿಯಿತು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡವರು ಅದನ್ನು ಓದುವ ಹಾಗೂ ಇರಲಿಲ್ಲ.

ಆ ವರ್ಷ ಬಿಸಿಲು ಬೇಗ ಏರಿತು. ಅಂಜನಾಪುರದ ಡ್ಯಾಮಿನಲ್ಲಿ ನೀರು ತಳ ಮುಟ್ಟುತ್ತಿದೆಯೆಂದು ಊರೆಲ್ಲ ಮಾತು. ಜನತಾ ಮನೆಗಳ ಸಾಲಿಗೆ ಒಂಬತ್ತು ದಿನಕ್ಕೊಮ್ಮೆ ನಲ್ಲಿ ಬರತೊಡಗಿತು. ಹೂವಮ್ಮನ ಪಕ್ಕದ ಮನೆಯ ವೀರಮ್ಮ ಖಾಲಿ ಕೊಡ ಸೊಂಟಕ್ಕಿಟ್ಟುಕೊಂಡು ಬೇಲಿಯಾಚೆ ನಿಂತು ಹುಲ್ಲು ನೀರು ಕುಡಿಯುವುದನ್ನು ನೋಡುವಳು. ಹದಿನೆಂಟು ವರ್ಷದ ನೆರೆ, ಒಬ್ಬರ ಮನೆಯ ಸಾರು ಇನ್ನೊಬ್ಬರ ಮನೆಗೆ ಹೋಗದ ದಿನವಿಲ್ಲ. ಬಾಯಿಬಿಟ್ಟು ಅವಳೇನೂ ಕೇಳಲಿಲ್ಲ. ಕೇಳದೆ ನಿಂತವರನ್ನು ನೋಡುವುದು ಕೇಳಿದವರಿಗೆ ಇಲ್ಲವೆನ್ನುವುದಕ್ಕಿಂತ ಕಷ್ಟ.

ಹೂವಮ್ಮ ಯೋಚನೆ ಮಾಡಿದಳು. ಅವಳು ಗದ್ದೆಯ ಹೆಂಗಸು, ಗದ್ದೆಯ ಲೆಕ್ಕದಲ್ಲೇ ಯೋಚನೆ ಮಾಡಿದಳು. ಕೊಯ್ಲಿಗೆ ಹದಿನೈದು ದಿನ ಇರುವಾಗ ಗದ್ದೆಯ ನೀರನ್ನು ಬಸಿದುಬಿಡುತ್ತಾರೆ. ನೆಲ ಬಿರುಸಾಗಬೇಕು, ಕೊಯ್ಯುವವರ ಕಾಲು ಹೂತುಹೋಗಬಾರದು. ಕೊಯ್ಯುವ ಹೊತ್ತಿಗೆ ನೀರು ನಿಲ್ಲಿಸಿಕೊಂಡ ರೈತನನ್ನು ಊರೇ ಆಡಿಕೊಂಡು ನಗುತ್ತದೆ. ಈ ಹುಲ್ಲಿನ ಕೊಯ್ಲೂ ಬಂತು, ಕೀಳುವುದಕ್ಕೆ ಇನ್ನು ಮೂರೇ ವಾರ. ಕೀಳುವ ಹುಲ್ಲಿಗೆ ನೀರೇಕೆ? ಅವಳು ಪೈಪನ್ನು ಎತ್ತಿ ಬೇಲಿಯ ಮೇಲಿಂದ ವೀರಮ್ಮನ ಡ್ರಮ್ಮಿಗೆ ಇಳಿಬಿಟ್ಟಳು. ಅಲ್ಲಿಂದ ಆ ಸಾಲಿನ ಹತ್ತು ಮನೆಗೂ ಸರದಿ. ಪಾರ್ಕಿನ ಬೋರ್‌ವೆಲ್ಲಿನ ಮೊದಲ ನೀರು ಡ್ರಮ್ಮಿನ ತಳಕ್ಕೆ ಬಿದ್ದಾಗ ವೀರಮ್ಮ ಅದರಲ್ಲೇ ಕೈಯದ್ದಿ ಮುಖ ತೊಳೆದುಕೊಂಡಳು. ಇಪ್ಪತ್ತೊಂದು ವರ್ಷದಲ್ಲಿ ತಾನು ಹಾಕಿದ ನೀರಿಗೆ ಒಂದು ಮುಖ ಅರಳಿದ್ದನ್ನು ಹೂವಮ್ಮ ನೋಡಿದ್ದು ಅಂದೇ.

ಹುಲ್ಲು ಮೊದಲ ವಾರ ಬಾಡಿತು, ಎರಡನೆಯ ವಾರ ಹಳದಿಯಾಯಿತು. ಅಳತೆಯವರು ಬಂದ ದಿನ, ನೀರು ನಿಲ್ಲಿಸಿ ಹದಿನೆಂಟು ದಿನವಾಗಿತ್ತು. ಅಂದು ಅದು ಮೆದೆಯ ಹುಲ್ಲಿನ ಬಣ್ಣಕ್ಕೆ ತಿರುಗಿ ಕಾಲಿಟ್ಟರೆ ಮುರಿಯುತ್ತಿತ್ತು. ಹೂವಮ್ಮ ಹೊಸ ಕುಪ್ಪಸ ತೊಟ್ಟು ಗೇಟಿನಲ್ಲಿ ನಿಂತಿದ್ದಳು. ನೆಲ ಹದವಾಗಿದೆ, ಗುದ್ದಲಿ ಹಾಕಿದರೆ ಚಾಪೆ ಸುತ್ತಿದಂತೆ ಬರುತ್ತದೆ ಎಂದು ಹೇಳಬೇಕೆಂದುಕೊಂಡಿದ್ದಳು.

ಬಂದವರು ಪ್ರಮೀಳಾ ಎಂಬ ಅಧಿಕಾರಿ. ಗದರುವ ಪೈಕಿ ಅಲ್ಲ, ಮೆದು ಮಾತಿನವರು. ಆನಂದಪ್ಪನವರೂ ಕಪ್ಪು ಕನ್ನಡಕ ಹಾಕಿಕೊಂಡು ಹಿಂದಿನ ದಿನವಷ್ಟೇ ಊರಿಗೆ ಮರಳಿದ್ದರು. ಪ್ರಮೀಳಾ ಲಾನಿನ ಅಂಚಿನಲ್ಲಿ ಕೂತು ಒಂದು ಹಿಡಿ ಹುಲ್ಲು ಕಿತ್ತು ನೋಡಿ, ಇಲ್ಲಿ ಲಾನ್ ಎಲ್ಲಿದೆ ಎಂದು ಕೇಳಿದರು. ಪುಸ್ತಕದ ಹನ್ನೊಂದನೆಯ ಪುಟದಲ್ಲಿ ಇತ್ತಂತೆ: ಪರಿಶೀಲನೆಯ ದಿನ ಹುಲ್ಲುಹಾಸು ಜೀವಂತವಾಗಿರಬೇಕು, ಹಸಿರು ಕಾಣುವ ಫೋಟೋ ಆ ದಿನವೇ ತೆಗೆಯಬೇಕು.

"ಸರ್ಕಾರ ದುಡ್ಡು ಕೊಡೋದು ಉಳಿಯೋ ನೀರಿಗಮ್ಮ," ಎಂದರು ಪ್ರಮೀಳಾ. "ಸತ್ತ ಹುಲ್ಲು ನೀರೇ ಕುಡಿಯಲ್ಲ. ಅದನ್ನ ಕಿತ್ತರೆ ಉಳಿಯೋದೇನು, ನೀವೇ ಹೇಳಿ."

"ಇಪ್ಪತ್ತೊಂದ್ ವರ್ಷ ಕುಡಿದೈತಲ ಮೇಡಂ. ನಾನೇ ನಿಂತು ಕುಡಿಸಿದೀನಿ. ಹೆಂಗೂ ಕೀಳೋದು ಅಂತ ಈಗೊಂದ್ ಹದಿನೆಂಟು ದಿನ ನಿಲ್ಸಿದ್ದು."

ಪ್ರಮೀಳಾ ಅವಳ ಮುಖ ನೋಡಿದರು. ಮಾತು ಅರ್ಥವಾಗಿತ್ತು, ಆದರೆ ಅರ್ಥವಾದದ್ದನ್ನು ಬರೆಯಲು ಆ ಅರ್ಜಿಯಲ್ಲಿ ಜಾಗವಿರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲವೆಂದು ಬೈಯೋಣವೆಂದರೆ ಈ ಪೂಜಾರಿ ಒಳ್ಳೆಯವರಾಗಿಬಿಟ್ಟಿದ್ದರು. ತಮ್ಮ ಕೈಯಲ್ಲಾದಷ್ಟು ಮಾಡಿದರು. ಪರಿಶೀಲನೆಯನ್ನೇ ನಲವತ್ತು ದಿನ ಮುಂದೆ ಹಾಕುತ್ತೇನೆ, ಅಷ್ಟರಲ್ಲಿ ಹಸಿರು ಮಾಡಿಡಿ ಎಂದು ಹೇಳಿ ಜೀಪು ಹತ್ತಿದರು.

ಆನಂದಪ್ಪನವರು ಬೈಯಲಿಲ್ಲ. ಕಪ್ಪು ಕನ್ನಡಕದೊಳಗೆ ಏನಿತ್ತೋ ಕಾಣಲೂ ಇಲ್ಲ. ಬೇಲಿಯ ಮೇಲೆ ನೇತಾಡುತ್ತಿದ್ದ ಪೈಪನ್ನು ಮಾತ್ರ ನೋಡಿದರು. ಇನ್ನು ನಲವತ್ತು ದಿನ ಬೋರಿನ ಒಂದು ಹನಿಯೂ ಆಚೆ ಹೋಗಕೂಡದು, ನಿನ್ನ ಗಿಡ ಈ ನೆಲದಲ್ಲಿ ಬರಬೇಕೋ ಬೇಡವೋ ನೀನೇ ತೀರ್ಮಾನ ಮಾಡು ಎಂದರು. ಅತ್ತ ದರಿ, ಇತ್ತ ಪುಲಿ. ಒಂದು ಕಡೆ ನಾನೂರು ಸಸಿ, ಇನ್ನೊಂದು ಕಡೆ ಹತ್ತು ಮನೆಯ ಕೊಡ.

ಪೈಪು ಎಳೆದುಕೊಳ್ಳಲು ಬೇರೆ ಯಾರನ್ನಾದರೂ ಕಳಿಸಬಹುದಿತ್ತು. ಹೂವಮ್ಮ ತಾನೇ ಹೋದಳು. ವೀರಮ್ಮನ ಡ್ರಮ್ಮು ಆಗ ಅರ್ಧ ತುಂಬಿತ್ತು. ನಲವತ್ತು ದಿನ ಮಾತ್ರ, ಆಮೇಲೆ ಲಾನೇ ಇರುವುದಿಲ್ಲ, ಬೋರಿನ ನೀರೆಲ್ಲ ನಿಮಗೇ ಎಂದು ಹೂವಮ್ಮ ಹೇಳುತ್ತಲೇ ಇದ್ದಳು. ವೀರಮ್ಮ ಪೈಪಿನ ತುದಿಯನ್ನು ತಾನೇ ಎತ್ತಿ ಅವಳ ಕೈಗೆ ಕೊಟ್ಟಳು.

"ನಿನ್ ಹುಲ್ಲಿಗಿರೋ ಬಾಯಾರಿಕೆ ನಮಗಿಲ್ಲ ಬಿಡಕ್ಕ," ಎಂದಳು.

ಅದಾದ ಮೇಲೆ ಆ ಸಾಲಿನಲ್ಲಿ ಹೂವಮ್ಮನನ್ನು ಮಾತನಾಡಿಸುವವರು ಇಲ್ಲವಾದರು. ಸಾರಿನ ಪಾತ್ರೆ ಬರುವುದು ನಿಂತಿತು. ಮಾರಪ್ಪ ಗೇಟಿನ ಬೆಂಚು ಬಿಟ್ಟು ಮನೆಯೊಳಗೆ ಕೂರತೊಡಗಿದ. ಊರಿಗೆ ಉಪಕಾರಿ ಮನೆಗೆ ಮಾರಿ ಅಂತಾರೆ, ನೀನು ಎರಡಕ್ಕೂ ಆಗಲಿಲ್ಲವೆಂದು ಒಮ್ಮೆ ಅಂದ, ಅಂದು ತಾನೇ ನೊಂದುಕೊಂಡ.

ಹೂವಮ್ಮ ಲಾನನ್ನು ಎರಡನೆಯ ಸಲ ನಾಟಿ ಮಾಡಿದಳು. ಅಲ್ಲಲ್ಲಿ ಬೇರಿನಲ್ಲಿ ಜೀವವಿದ್ದ ಹುಲ್ಲನ್ನು ಬಿಡಿಸಿ, ಬಗ್ಗಲಾಗದೆ ಅಂಡೂರಿ ಕೂತು, ತೆವಳುತ್ತ ಸಾಲು ಸಾಲಾಗಿ ಊರಿದಳು. ಕೀಳುವುದಕ್ಕೆಂದೇ ನೆಡುವ ಬೆಳೆ ಇದೊಂದೇ ಇರಬೇಕು. ಬೋರು ಒಂದು ತಾಸು ನೀರು, ಅರ್ಧ ತಾಸು ಗಾಳಿ ಎನ್ನುವ ಹಾಗಾದಾಗ ಸಮಿತಿಯವರು ಟ್ಯಾಂಕರ್ ತರಿಸಿದರು. ಅದೂ ಹುಲ್ಲಿಗೆ. ಸಸಿಗಳಿಗೆ ನೀರಿಲ್ಲ. ನೆಲಕ್ಕೆ ಬೇರು ಇಳಿದರೆ ಯಾರನ್ನೂ ಕೇಳದ ಗಿಡ ಪ್ಯಾಕೆಟ್ಟಿನಲ್ಲಿದ್ದಾಗ ದಿನಕ್ಕೊಂದು ಲೋಟ ಕೇಳುತ್ತದೆ. ಮನೆಯಲ್ಲಿ ಮುಸುರೆ ತೊಳೆದ ನೀರು, ಅಕ್ಕಿ ತೊಳೆದ ನೀರು ಹೊತ್ತು ತಂದು ಹನಿಹನಿಯಾಗಿ ಕುಡಿಸಿದಳು. ಇನ್ನೂರಕ್ಕೂ ಹೆಚ್ಚು ಹೋದವು. ಉಳಿದವನ್ನು ದಿನಾ ಎಣಿಸುತ್ತಿದ್ದಳು.

ನಲವತ್ತನೆಯ ದಿನ ಲಾನ್ ಹಸಿರಾಗಿತ್ತು. ಪ್ರಮೀಳಾ ಬಂದರು, ಟೇಪು ಹಿಡಿದು ಅಳೆದರು, ನಾಲ್ಕು ಮೂಲೆಯಿಂದ ಫೋಟೋ ತೆಗೆದರು, ಜೀವಂತ ಎಂದು ಬರೆದುಕೊಂಡರು. ಹೂವಮ್ಮ ಉಸಿರು ಬಿಟ್ಟಳು. ಅದಾಗಿ ಹತ್ತೇ ದಿನಕ್ಕೆ ಪತ್ರ ಬಂತು. ನಿಮ್ಮ ಲಾನ್ ಮಂಜೂರಾಗಿದೆ, ಆದರೆ ಈ ವರ್ಷದ ಅನುದಾನ ಮುಗಿದಿದೆ, ಮುಂದಿನ ವರ್ಷದ ಪಟ್ಟಿಯಲ್ಲಿ ನಿಮ್ಮ ಹೆಸರು ಸೇರಿಸಲಾಗಿದೆ. ಕೆಳಗೆ ಇನ್ನೊಂದು ಸಾಲು. ಕೆಲಸದ ಆದೇಶ ಬರುವವರೆಗೆ ಹುಲ್ಲುಹಾಸನ್ನು ಜೀವಂತವಾಗಿ ಉಳಿಸಿಕೊಳ್ಳತಕ್ಕದ್ದು, ಅದಕ್ಕೆ ಮುಂಚೆ ಹೊಸ ಗಿಡ ನೆಟ್ಟರೆ ಅನುದಾನ ಸಿಗುವುದಿಲ್ಲ.

ಆನಂದಪ್ಪನವರು ಎರಡು ಸಲ ಓದಿದರು. ಬೇಲಿಯ ಬುಡಕ್ಕಾದರೂ ನಾಲ್ಕು ಸಸಿ ಊರಿಬಿಡಲೇ ಎಂದು ಹೂವಮ್ಮ ಕೇಳಿದಳು. ಬೇಡ, ಅದನ್ನೇ ನೆಪ ಮಾಡಿ ಹೆಸರು ಹೊಡೆದುಹಾಕುತ್ತಾರೆ ಎಂದರು. ಆಮೇಲೆ, ಬಹಳ ನಾಚಿಕೆಯಿಂದ, ಕೇಳಬೇಕಾದದ್ದನ್ನು ಕೇಳಿದರು.

"ಇನ್ನೊಂದು ವರ್ಷ ನಿಲ್ತೀಯಾ ಹೂವಮ್ಮ? ನೀನು ಬಿಟ್ರೆ ಇದು ಉಳಿಯಲ್ಲ."

ಅವಳು ಹೂಂ ಎಂದಳು. ಬೇರೆ ಏನು ಹೇಳುವುದಿತ್ತು? ಪ್ಯಾಕೆಟ್ಟಿನಲ್ಲಿ ಬೇರು ಸುತ್ತಿಕೊಂಡ ಸಸಿಗಳು ಇನ್ನೊಂದು ವರ್ಷ ಕಾಯುವಂಥವಲ್ಲ. ಮೇ ಮುಗಿಯುವ ಮೊದಲೇ ಒಂದೊಂದಾಗಿ ಕಪ್ಪಾದವು. ಯಾರಾದರೂ ಒಯ್ಯಲಿ ಎಂದು ಕೊನೆಯ ಮೂವತ್ತನ್ನು ಗೇಟಿನ ಹೊರಗೆ ಇಟ್ಟಳು. ದಾರಿಯ ಆಡುಗಳು ತಿಂದುಹೋದವು. ಅವಕ್ಕಾದರೂ ಹೊಟ್ಟೆ ತುಂಬಿತಲ್ಲ ಎಂದು ಮಾರಪ್ಪನಿಗೆ ಹೇಳಿ ಅಡುಗೆಮನೆಗೆ ಹೋದಳು, ಅಲ್ಲಿ ಬಹಳ ಹೊತ್ತು ಅತ್ತಳು.

ಮಳೆ ಇನ್ನೂ ಬಂದಿರಲಿಲ್ಲ. ನಲ್ಲಿ ಬರದೆ ಹನ್ನೊಂದು ದಿನವಾಗಿತ್ತು. ಒಂದು ಸಂಜೆ ಹೂವಮ್ಮ ಲಾನಿಗೆ ಬಿಟ್ಟ ನೀರಿನಲ್ಲೇ ಎರಡು ಕೊಡ ತುಂಬಿಕೊಂಡಳು. ಸಮಿತಿಯವರು ನೋಡಿದರೆ ನೋಡಲಿ. ಒಂದನ್ನು ಸೊಂಟಕ್ಕೆ, ಒಂದನ್ನು ಕೈಗೆ ಹಿಡಿದು, ಎರಡು ಕಡೆ ಕೂತು ಎದ್ದು ವೀರಮ್ಮನ ಮನೆಗೆ ಹೋದಳು. ಬಾಗಿಲು ಹಾಕಿತ್ತು, ಒಳಗೆ ಪಾತ್ರೆಯ ಸದ್ದು ಕೇಳುತ್ತಿತ್ತು. ಕರೆಯದೆ ಕೊಡಗಳನ್ನು ಹೊಸ್ತಿಲ ಪಕ್ಕದಲ್ಲಿಟ್ಟು, ಸೆರಗಿನಿಂದ ಕೊಡದ ಕಂಠ ಒರೆಸಿ, ಮನೆಗೆ ಬಂದಳು. ಅಂದು ಸ್ವಲ್ಪ ಊಟ ಸೇರಿತು.

ಬೆಳಿಗ್ಗೆ ಬಾಗಿಲು ತೆಗೆದಾಗ ಎರಡೂ ಕೊಡಗಳು ಅವಳ ಹೊಸ್ತಿಲಿಗೇ ಬಂದಿದ್ದವು. ಬರಿದಾಗಿರಲಿಲ್ಲ. ಕಂಠದವರೆಗೆ ಹಾಗೇ ತುಂಬಿದ್ದವು, ಒಂದು ತಂಬಿಗೆಯಷ್ಟೂ ಯಾರೂ ತೆಗೆದಿರಲಿಲ್ಲ. ಅಂಥ ಬೇಸಿಗೆಯಲ್ಲಿ, ಅಂಥ ಸಾಲಿನಲ್ಲಿ. ಹೂವಮ್ಮ ಬಾಗಿಲಿಗೆ ಒರಗಿ ಅವುಗಳನ್ನು ನೋಡುತ್ತ ನಿಂತಳು. ಒಳಗೆ ತಂದಿಟ್ಟರೆ ಈ ನೀರನ್ನು ತಾನು ಹೇಗೆ ಕುಡಿಯುವುದು ಎಂದು ತಿಳಿಯಲಿಲ್ಲ. ಚೆಲ್ಲಲು ಕೈ ಬರಲಿಲ್ಲ. ಕೊನೆಗೆ ಒಂದೊಂದಾಗಿ ಎತ್ತಿಕೊಂಡು, ಕುಂಟುತ್ತ, ಬೇಲಿಯ ಗೇಟು ತೆಗೆದು ಪಾರ್ಕಿಗೆ ಹೊತ್ತೊಯ್ದು, ಹುಲ್ಲು ಸ್ವಲ್ಪ ಮಂಕಾಗಿದ್ದ ಕಡೆ ನೋಡಿ ಎರಡನ್ನೂ ಸುರಿದಳು.